ಕಲಿಸುವ ದಾದಿ: ಮಧುಮೇಹ ಶಿಕ್ಷಣದ ಚರಿತ್ರೆ ಮತ್ತು ಅದರ ಮೌಖಿಕ ನೆಲೆಗಳು

ವೈದ್ಯಕೀಯದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಔಷಧಗಳ ಚರಿತ್ರೆಯನ್ನೂ ಅವುಗಳನ್ನು ಕಂಡುಹಿಡಿದವರ ಚರಿತ್ರೆಯನ್ನೂ ಬರೆದಿದ್ದಾರೆ. ಮಧುಮೇಹದ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತ ಪ್ರಸಂಗ, ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯೋಗಶಾಲೆ, 1923ರಲ್ಲಿ ಬ್ಯಾಂಟಿಂಗ್ ಹಾಗೂ ಮ್ಯಾಕ್ಲಾಯ್ಡ್ ಅವರಿಗೆ ಸಂದ ನೊಬೆಲ್ ಪ್ರಶಸ್ತಿ, ಇವೆಲ್ಲ ಶಾಲಾ ಪಠ್ಯಗಳಲ್ಲಿಯೂ ಬಂದಿವೆ. ಆದರೆ ಇನ್ಸುಲಿನ್ ಇತರ ಔಷಧಗಳಂತಹುದಲ್ಲ. ಅದನ್ನು ರೋಗಿಯು ತನ್ನ ಮನೆಯಲ್ಲಿ, ತನ್ನ ಕೈಯಿಂದಲೇ, ದಿನವೂ ಅಳೆದು ಚುಚ್ಚಿಕೊಳ್ಳಬೇಕು. ಹೆಚ್ಚಾದರೆ ಪ್ರಜ್ಞೆ ತಪ್ಪುತ್ತದೆ, ಕಡಿಮೆಯಾದರೆ ರೋಗ ಉಲ್ಬಣಿಸುತ್ತದೆ. ಹೀಗಾಗಿ ಔಷಧದ ಶೋಧದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇಲ್ಲಿದೆ: ಅದನ್ನು ಬಳಸುವ ವಿದ್ಯೆಯನ್ನು ಸಾಮಾನ್ಯ ಜನರಿಗೆ ಕಲಿಸಿದವರು ಯಾರು? ಉತ್ತರವನ್ನು ಹುಡುಕುತ್ತ ಹೋದರೆ ದೊಡ್ಡ ವೈದ್ಯರ ಹೆಸರುಗಳ ಹಿಂದೆ ನಿಂತಿರುವ ದಾದಿಯರ ಒಂದು ಸಮೂಹ ಕಾಣಿಸುತ್ತದೆ. ಅಮೆರಿಕದ ಊರೂರಿನ ಸಮುದಾಯ ಆಸ್ಪತ್ರೆಗಳಲ್ಲಿ 'ಡಯಾಬಿಟಿಸ್ ಎಜುಕೇಟರ್' ಎಂಬ ಹೆಸರಿನಿಂದ ನೆಲೆ ಕಂಡುಕೊಂಡ ಈ ವೃತ್ತಿಯು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಬಂದ ಜ್ಞಾನವಾಗಿದೆ. ಆದ್ದರಿಂದಲೇ ಅದು ಜಾನಪದ ಅಧ್ಯಯನದ ಗಮನಕ್ಕೂ ಬರಬೇಕಾದದ್ದು.

ರೋಗದ ಅರಿವು ಹಳೆಯದು. ಚರಕ ಮತ್ತು ಸುಶ್ರುತ ಸಂಹಿತೆಗಳು ಪ್ರಮೇಹದ ಇಪ್ಪತ್ತು ವಿಧಗಳನ್ನು ಹೇಳುತ್ತವೆ. ಇರುವೆಗಳು ಮುತ್ತುವುದನ್ನು ರೋಗದ ಪೂರ್ವಲಕ್ಷಣವೆಂದು ಚರಕ ಸಂಹಿತೆ ಗುರುತಿಸಿದೆ. ಅಂಗಳದ ಮೂಲೆಯಲ್ಲಿ ಇರುವೆ ಸೇರಿದ್ದನ್ನು ಕಂಡು ರೋಗವನ್ನು ಊಹಿಸುವ ಕ್ರಮ ಕನ್ನಡದ ಹಳ್ಳಿಗಳಲ್ಲಿಯೂ ತಿಳಿದಿದ್ದುದೇ. ಸುಶ್ರುತ ಸಂಹಿತೆಯಲ್ಲಿ ಇನ್ನೂ ಕುತೂಹಲಕರವಾದ ಒಂದು ವಿಧಿಯಿದೆ. ಹಣವಿಲ್ಲದ, ಬಂಧುಗಳಿಲ್ಲದ ಪ್ರಮೇಹ ರೋಗಿಯು ಪಾದರಕ್ಷೆ ಮತ್ತು ಕೊಡೆಗಳಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕೆಂದು ಅದು ಹೇಳುತ್ತದೆ. ಮಿತಾಹಾರ ಮತ್ತು ನಡಿಗೆ ಎಂಬ ಎರಡು ಉಪದೇಶಗಳು ಇಂದಿಗೂ ಉಳಿದಿವೆ. ಬರಿಗಾಲಿನ ವಿಷಯದಲ್ಲಿ ಮಾತ್ರ ಇಂದಿನ ಶಿಕ್ಷಕಿಯ ಮಾತು ಇದಕ್ಕೆ ನೇರ ವಿರುದ್ಧವಾದುದು. ಅದನ್ನು ಮುಂದೆ ನೋಡಬಹುದು. 'ಮಧುಮೇಹ' ಎಂಬುದು ಗ್ರಂಥದ ಹೆಸರು, 'ಸಿಹಿಮೂತ್ರ ರೋಗ' ಎಂಬುದು ಹಿಂದಿನ ತಲೆಮಾರಿನ ಪಠ್ಯಪುಸ್ತಕದ ಹೆಸರು, 'ಸಕ್ಕರೆ ಕಾಯಿಲೆ' ಎಂಬುದು ಜನರ ಹೆಸರು. ಜನರಿಟ್ಟ ಹೆಸರು ರೋಗದ ಕಾರಣವನ್ನೇ ಸಕ್ಕರೆಯ ಡಬ್ಬಿಯೊಳಗೆ ಇಟ್ಟುಬಿಟ್ಟಿದೆ ಎಂಬುದನ್ನು ಗಮನಿಸಬೇಕು. ಸಕ್ಕರೆ ಬಿಟ್ಟರೆ ಸಾಕು, ಬೆಲ್ಲಕ್ಕೆ ದೋಷವಿಲ್ಲ ಎಂಬ ತಿಳಿವಳಿಕೆ ಹುಟ್ಟಿಕೊಳ್ಳಲು ಈ ಹೆಸರೂ ಒಂದು ಕಾರಣವಾಗಿರಬಹುದು.

ಆಧುನಿಕ ಮಧುಮೇಹ ಶಿಕ್ಷಣದ ಚರಿತ್ರೆ ಬಾಸ್ಟನ್ ನಗರದ ವೈದ್ಯ ಎಲಿಯಟ್ ಪಿ. ಜಾಸ್ಲಿನ್ (1869–1962) ಅವರಿಂದ ಮೊದಲಾಗುತ್ತದೆ. ಅವರ ತಾಯಿಗೂ ಇದೇ ರೋಗವಿತ್ತು. 1898ರಲ್ಲಿ ವೃತ್ತಿಯನ್ನು ಆರಂಭಿಸಿದ ಅವರು ಪ್ರತಿಯೊಬ್ಬ ರೋಗಿಯ ವಿವರವನ್ನೂ ವ್ಯಾಪಾರಿಯ ಖಾತೆ ಪುಸ್ತಕದಂತೆ ಬರೆದಿಡುತ್ತಿದ್ದರು. 1916ರಲ್ಲಿ ವೈದ್ಯರಿಗಾಗಿ ಮಧುಮೇಹ ಚಿಕಿತ್ಸೆಯ ಗ್ರಂಥವನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ, 1918ರಲ್ಲಿ, ವೈದ್ಯರೂ ರೋಗಿಗಳೂ ಕೂಡಿ ಓದಬಹುದಾದ ಕೈಪಿಡಿಯೊಂದನ್ನು ಹೊರತಂದರು. ರೋಗಿಯ ಕೈಗೆ ವೈದ್ಯಗ್ರಂಥವನ್ನು ಕೊಡುವುದು ಅಂದಿನ ರೂಢಿಯಾಗಿರಲಿಲ್ಲ. ಆಗಿನ್ನೂ ಇನ್ಸುಲಿನ್ ಇರಲಿಲ್ಲ. ಫ್ರೆಡರಿಕ್ ಅಲೆನ್ ಅವರು ರೂಪಿಸಿದ್ದ ಉಪವಾಸ ಚಿಕಿತ್ಸೆಯೊಂದೇ ಆಸರೆಯಾಗಿತ್ತು. ಮಕ್ಕಳು ಮೂಳೆ ಚಕ್ಕಳವಾಗಿ ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಬದುಕುತ್ತಿದ್ದರು. ಹಸಿದ ಮಗುವಿಗೆ ಅನ್ನವನ್ನು ತೂಗಿ ಕೊಡುವುದನ್ನು ತಾಯಿಗೆ ಕಲಿಸುವುದು ಅಂದಿನ ದಾದಿಯ ಪಾಠವಾಗಿತ್ತು. ಈ ವೃತ್ತಿಯ ಮೊದಲ ಪಾಠ ತೂಕದ್ದೇ ಹೊರತು ಸೂಜಿಯದಲ್ಲ.

1922ರ ಜನವರಿ 11ರಂದು ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಸಾರವನ್ನು ಮೊದಲಿಗೆ ಚುಚ್ಚಲಾಯಿತು. ಅದು ಫಲಿಸಲಿಲ್ಲ. ಕಾಲಿಪ್ ಅವರು ಶುದ್ಧೀಕರಿಸಿದ ಸಾರವನ್ನು ಅದೇ ತಿಂಗಳ 23ರಂದು ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಸ್ಟನ್ನಿನಲ್ಲಿ ಜಾಸ್ಲಿನ್ ಅವರಿಂದ ಮೊದಲ ಇನ್ಸುಲಿನ್ ಪಡೆದ ಎಲಿಜಬೆತ್ ಮಜ್ ಸ್ವತಃ ದಾದಿಯಾಗಿದ್ದರು. ಉಪವಾಸ ಚಿಕಿತ್ಸೆಯಿಂದ ಕೃಶರಾಗಿ ಹೋಗಿದ್ದ ಅವರು ಚೇತರಿಸಿಕೊಂಡರು. ರೋಗಿಯೂ ದಾದಿಯೂ ಒಬ್ಬರೇ ಆಗಿದ್ದ ಈ ಸಂಗತಿ ಆಕಸ್ಮಿಕವೇ ಆದರೂ ಮುಂದಿನ ಚರಿತ್ರೆಗೆ ಚೆನ್ನಾಗಿ ಒಪ್ಪುತ್ತದೆ.

ಇನ್ಸುಲಿನ್ ಬಂದೊಡನೆ ಕಲಿಸಬೇಕಾದ ವಿಷಯಗಳ ಪಟ್ಟಿ ಬೆಳೆಯಿತು. ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ತೀಡಿ ಹರಿತ ಮಾಡಬೇಕು. ಶೀಶೆಯಿಂದ ಔಷಧವನ್ನು ಎಳೆಯುವಾಗ ಗಾಳಿಗುಳ್ಳೆ ಸೇರದಂತೆ ನೋಡಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಬಾರದು. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಸಕ್ಕರೆ ಅಥವಾ ಹಣ್ಣಿನ ರಸವನ್ನು ಕುಡಿಯಬೇಕು. ಇಷ್ಟನ್ನೂ ಓದು ಬರಹ ಸರಿಯಾಗಿ ಬಾರದವರಿಗೆ, ಹತ್ತು ವರ್ಷದ ಮಕ್ಕಳಿಗೆ, ಕಣ್ಣು ಮಂಜಾದ ಮುದುಕರಿಗೆ ಕಲಿಸಬೇಕಿತ್ತು. ಪುಸ್ತಕದಿಂದ ಇದು ಬರುವ ವಿದ್ಯೆಯಲ್ಲ. ದಾದಿಯರು ಕಿತ್ತಳೆ ಹಣ್ಣನ್ನು ಹಿಡಿದರು. ಕಿತ್ತಳೆಯ ಸಿಪ್ಪೆಗೆ ಸೂಜಿ ಇಳಿಯುವಾಗ ಆಗುವ ತಡೆ ಮನುಷ್ಯನ ಚರ್ಮದ ತಡೆಯನ್ನು ಹೋಲುತ್ತದೆಂದು ರೋಗಿಯು ಮೊದಲು ಹಣ್ಣಿಗೆ ನೀರನ್ನು ಚುಚ್ಚಿ ಅಭ್ಯಾಸ ಮಾಡಿದ ಮೇಲೆ ತನ್ನ ತೊಡೆಗೆ ಚುಚ್ಚಿಕೊಳ್ಳುತ್ತಿದ್ದ. ದೇಶ ದೇಶಗಳ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಈ ಹಣ್ಣು ಪಾಠದ ಸಾಧನವಾಗಿ ಉಳಿಯಿತು. ಮೊದಲು ಇದನ್ನು ಬಳಸಿದವರ ಹೆಸರು ಮಾತ್ರ ಗಾದೆ ಕಟ್ಟಿದವರ ಹೆಸರಿನಂತೆ ಪ್ರಚಾರಕ್ಕೆ ಬರಲಿಲ್ಲ.

1920ರ ದಶಕದಲ್ಲಿ ಜಾಸ್ಲಿನ್ ಅವರು ಇನ್ನೊಂದು ಹೆಜ್ಜೆ ಇಟ್ಟರು. ಆಸ್ಪತ್ರೆಯಲ್ಲಿ ಕಲಿತದ್ದು ಮನೆಯ ಒಲೆಯ ಮುಂದೆ ಮರೆತುಹೋಗುತ್ತದೆಂಬುದನ್ನು ಕಂಡು ಮಧುಮೇಹದಲ್ಲಿ ತರಬೇತಿ ಪಡೆದ ದಾದಿಯರನ್ನು ರೋಗಿಗಳ ಮನೆಗಳಿಗೇ ಕಳುಹಿಸಿದರು. ಇವರನ್ನು 'ಅಲೆದಾಡುವ ದಾದಿಯರು' ಎಂದು ಕರೆಯಲಾಯಿತು. ಮನೆಯಲ್ಲಿ ಇದ್ದು ಅಡುಗೆ, ಅಳತೆ, ಚುಚ್ಚುವಿಕೆಗಳನ್ನು ತೋರಿಸಿ, ಮನೆಯವರು ಕಲಿತರೆಂದು ಖಾತ್ರಿಯಾದ ಮೇಲೆ ಮುಂದಿನ ಮನೆಗೆ ಹೋಗುವುದು ಅವರ ಕೆಲಸ. ಸೂಲಗಿತ್ತಿಯೂ ಬಾಣಂತಿಯ ಮನೆಯಲ್ಲಿ ಇದನ್ನೇ ಮಾಡುತ್ತಿದ್ದಳು. ಹೆರಿಗೆ ಮಾಡಿಸುವುದು ಅವಳ ಕೆಲಸದ ಒಂದು ಭಾಗ ಮಾತ್ರ. ಮಗುವಿಗೆ ಎಣ್ಣೆ ನೀರು ಹಾಕುವುದನ್ನು, ಬಾಣಂತಿಯ ಪಥ್ಯವನ್ನು ಮನೆಯ ಹೆಂಗಸರಿಗೆ ತಿಳಿಸಿಕೊಟ್ಟು ಬರುವುದು ಇನ್ನೊಂದು ಭಾಗ. ಎರಡು ವೃತ್ತಿಗಳ ನಡುವೆ ಚಾರಿತ್ರಿಕ ಸಂಬಂಧವೇನೂ ಇಲ್ಲ. ಆದರೆ ಮನೆಯೊಳಗೆ ಹೋಗದೆ ಪಥ್ಯವನ್ನು ಕಲಿಸಲಾಗದು ಎಂಬ ತಿಳಿವಳಿಕೆ ಎರಡಕ್ಕೂ ಸಮಾನವಾದುದು.

ಜಾಸ್ಲಿನ್ ಅವರು ಬಳಸಿದ ರೂಪಕವೊಂದು ಇಲ್ಲಿ ಉಲ್ಲೇಖನೀಯ. ಆಹಾರ, ಇನ್ಸುಲಿನ್, ವ್ಯಾಯಾಮ ಎಂಬ ಮೂರು ಕುದುರೆಗಳನ್ನು ಕಟ್ಟಿದ ರಥವನ್ನು ರೋಗಿಯೇ ನಡೆಸಬೇಕು ಎಂಬುದು ಆ ರೂಪಕ. ದೀರ್ಘಕಾಲ ತೊಂದರೆಗಳಿಲ್ಲದೆ ಬಾಳಿದ ರೋಗಿಗಳಿಗೆ ಕೊಟ್ಟ ಪದಕದ ಮೇಲೆಯೂ ರಥ ನಡೆಸುವ ಬಾಲಕನ ಚಿತ್ರವಿದೆ. ದೇಹವನ್ನು ರಥಕ್ಕೂ ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿದ ಕಠೋಪನಿಷತ್ತಿನ ಪರಿಚಯವಿರುವ ಓದುಗರಿಗೆ ಇದು ಅಪರಿಚಿತವೆನಿಸದು. ಆದರೆ ಈ ರೂಪಕಕ್ಕೆ ಇನ್ನೊಂದು ಮುಖವೂ ಇದೆ. ರಥ ಉರುಳಿದರೆ ತಪ್ಪು ಸಾರಥಿಯದೇ.

ಈ ನೈತಿಕ ಭಾರವು ಮಧುಮೇಹ ಶಿಕ್ಷಣವನ್ನು ಬಹುಕಾಲ ಬಾಧಿಸಿತು. ಸ್ಟ್ಯಾನ್ಲಿ ಬೆನಿಡಿಕ್ಟ್ ಅವರು 1908ರಲ್ಲಿ ರೂಪಿಸಿದ ನೀಲಿ ದ್ರಾವಣದಿಂದ ಮೂತ್ರ ಪರೀಕ್ಷೆ ಮನೆಯಲ್ಲಿಯೇ ಸಾಧ್ಯವಾಯಿತು. ದ್ರಾವಣಕ್ಕೆ ಎಂಟು ಹನಿ ಮೂತ್ರವನ್ನು ಬೆರೆಸಿ ಕಾಯಿಸಿದಾಗ ಸಕ್ಕರೆ ಇಲ್ಲದಿದ್ದರೆ ಬಣ್ಣ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆಯಾದ್ದರಿಂದ ದಾದಿಯರಿಗೆ ಇದು ಬಹಳ ಅನುಕೂಲವಾಯಿತು. ಆದರೆ ನೀಲಿ ಬಂದವರು ಒಳ್ಳೆಯವರು, ಕೆಂಪು ಬಂದವರು ಕದ್ದು ತಿಂದವರು ಎಂಬ ಭಾಷೆಯೂ ಜೊತೆಗೇ ಬೆಳೆಯಿತು. ಮಕ್ಕಳು ಬೈಗುಳಕ್ಕೆ ಹೆದರಿ ಸುಳ್ಳು ಫಲಿತಾಂಶ ಬರೆಯುವುದನ್ನೂ ಕಲಿತರು. ಜಾಸ್ಲಿನ್ ಅವರ ರೋಗಿಗಳ ದಾಖಲೆಗಳನ್ನೂ ಪತ್ರಗಳನ್ನೂ ಆಧರಿಸಿ ಕ್ರಿಸ್ ಫ್ಯೂಡ್ನರ್ ಅವರು 2003ರಲ್ಲಿ ಪ್ರಕಟಿಸಿದ 'ಬಿಟರ್‌ಸ್ವೀಟ್' ಎಂಬ ಕೃತಿ ಈ ದೃಷ್ಟಿಯಿಂದ ಮಹತ್ವದ್ದು. ಇನ್ಸುಲಿನ್ ಮಧುಮೇಹವನ್ನು ಗುಣಪಡಿಸಲಿಲ್ಲ, ಅದನ್ನು ಬೇರೊಂದು ರೋಗವಾಗಿ ರೂಪಾಂತರಿಸಿತು ಎಂಬುದು ಅವರ ಪ್ರಮುಖ ವಾದ. ಬೇಗನೆ ಕೊಲ್ಲುತ್ತಿದ್ದ ರೋಗವು ಕಣ್ಣು, ಮೂತ್ರಪಿಂಡ, ಕಾಲುಗಳನ್ನು ನಿಧಾನವಾಗಿ ತಿನ್ನುವ ರೋಗವಾಯಿತು. ಬೋಧಕಿಯ ಕೆಲಸವೂ ಹಾಗೆಯೇ ಬದಲಾಯಿತು. ನಾಳೆ ಬದುಕಿಸುವ ಪಾಠ ಹೋಗಿ ಇಪ್ಪತ್ತು ವರ್ಷಗಳ ನಂತರದ ಕಣ್ಣನ್ನು ಇಂದೇ ಕಾಯುವ ಪಾಠ ಬಂದಿತು. ಎರಡನೆಯದು ಬಹಳ ಕಷ್ಟದ ಪಾಠ. ಕೇಳುವವರಿಗೆ ಇಂದು ಯಾವ ನೋವೂ ಇರುವುದಿಲ್ಲ.

ಯುರೋಪಿನ ಬೆಳವಣಿಗೆಗಳು ಬೇರೆ ದಾರಿಯವು. ಅಮೆರಿಕಕ್ಕೆ ಹೋಗಿ ಇನ್ಸುಲಿನ್ ಬಳಕೆಯನ್ನು ಕಂಡು ಬಂದ ಅರ್ನೆಸ್ಟೊ ರೋಮಾ ಅವರು 1926ರಲ್ಲಿ ಲಿಸ್ಬನ್ ನಗರದಲ್ಲಿ ಬಡ ಮಧುಮೇಹಿಗಳ ರಕ್ಷಣೆಗಾಗಿ ಸಂಘವನ್ನು ಕಟ್ಟಿದರು. ಲೋಕದ ಮಧುಮೇಹ ಸಂಘಗಳಲ್ಲಿ ಅದೇ ಅತ್ಯಂತ ಹಳೆಯದು. ಲಂಡನ್ನಿನಲ್ಲಿ 1934ರಲ್ಲಿ ವೈದ್ಯ ಆರ್. ಡಿ. ಲಾರೆನ್ಸ್ ಮತ್ತು ಕಾದಂಬರಿಕಾರ ಎಚ್. ಜಿ. ವೆಲ್ಸ್ ಸೇರಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ಇಬ್ಬರೂ ಮಧುಮೇಹಿಗಳೇ. 1975ರಲ್ಲಿ ಜಿನೀವಾದಲ್ಲಿ ಜ್ಯಾನ್ ಫಿಲಿಪ್ ಅಸಾಲ್ ಅವರು ಚಿಕಿತ್ಸೆ ಮತ್ತು ಬೋಧನೆಗಳೆರಡನ್ನೂ ಕೂಡಿಸಿದ ವಿಭಾಗವನ್ನು ತೆರೆದರು.

ಬೋಧನೆಯು ಉಪಕಾರಬುದ್ಧಿಯ ಸೇವೆಯಷ್ಟೇ ಅಲ್ಲ, ಲೆಕ್ಕಕ್ಕೆ ಸಿಗುವ ಚಿಕಿತ್ಸೆಯೂ ಹೌದು ಎಂಬುದನ್ನು ತೋರಿಸಿದ್ದು ಬಡವರ ಆಸ್ಪತ್ರೆಯೊಂದು. ಲಾಸ್ ಏಂಜಲಿಸ್‌ನ ಕೌಂಟಿ ಆಸ್ಪತ್ರೆಯಲ್ಲಿ ಲಿಯೋನಾ ಮಿಲ್ಲರ್ ಅವರು ದಾದಿಯರ ನೆರವಿನಿಂದ ರೋಗಿಗಳಿಗೆ ಶಿಕ್ಷಣ ಕೊಡುವ ವ್ಯವಸ್ಥೆಯನ್ನು ರೂಪಿಸಿದರು. ಸಕ್ಕರೆ ಏರುಪೇರಾದಾಗ ರೋಗಿಯು ಫೋನ್ ಮಾಡಿ ಸಲಹೆ ಕೇಳುವ ಏರ್ಪಾಡೂ ಅಲ್ಲಿ ಇತ್ತು. 1972ರಲ್ಲಿ ಪ್ರಕಟವಾದ ಈ ಪ್ರಯೋಗದ ವರದಿಯು ರೋಗಿಗಳು ಆಸ್ಪತ್ರೆಯಲ್ಲಿ ಮಲಗಬೇಕಾದ ದಿನಗಳು ಗಣನೀಯವಾಗಿ ಇಳಿದುದನ್ನೂ ಹಣ ಉಳಿದುದನ್ನೂ ತೋರಿಸಿತು. ಆಡಳಿತಗಾರರನ್ನು ಒಪ್ಪಿಸಿದ್ದು ಜಾಸ್ಲಿನ್ ಅವರ ರೂಪಕಗಳಿಗಿಂತ ಹೆಚ್ಚಾಗಿ ಈ ಲೆಕ್ಕವೇ ಇರಬೇಕು. 1973ರಲ್ಲಿ ಅಮೆರಿಕದ ಮಧುಮೇಹ ಶಿಕ್ಷಕರ ಸಂಘ ಹುಟ್ಟಿತು. 1986ರಲ್ಲಿ ಪ್ರಮಾಣಪತ್ರದ ಪರೀಕ್ಷೆ ಆರಂಭವಾಯಿತು. ದಾದಿಯರ ಜೊತೆಗೆ ಆಹಾರತಜ್ಞರು, ಔಷಧತಜ್ಞರು ಈ ವೃತ್ತಿಗೆ ಬಂದರು. 2020ರಲ್ಲಿ ಸಂಘವು ತನ್ನ ಹೆಸರಿನಲ್ಲಿ 'ಆರೈಕೆ' ಎಂಬ ಅರ್ಥದ ಪದವನ್ನೂ ಸೇರಿಸಿಕೊಂಡಿತು.

ಸಮುದಾಯ ಆಸ್ಪತ್ರೆ ಎಂದರೆ ಅಮೆರಿಕದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರದ, ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಊರುಗಳ ಸಾಮಾನ್ಯ ಆಸ್ಪತ್ರೆ. ಇಂತಹ ಕಡೆ ಮಧುಮೇಹ ಶಿಕ್ಷಕಿಯು ಅನೇಕ ವೇಳೆ ಒಬ್ಬಳೇ. ಮೊದಲೆಲ್ಲ ಹೊಸದಾಗಿ ರೋಗ ಪತ್ತೆಯಾದವರನ್ನು ಆಸ್ಪತ್ರೆಯಲ್ಲಿ ಹಲವು ದಿನ ಇರಿಸಿಕೊಂಡು ಹಾಸಿಗೆಯ ಬಳಿಯೇ ಪಾಠ ಹೇಳಲಾಗುತ್ತಿತ್ತು. 1983ರಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಆಸ್ಪತ್ರೆಗಳಿಗೆ ಆದ ವೆಚ್ಚದ ಲೆಕ್ಕದ ಬದಲು ರೋಗದ ಲೆಕ್ಕದಲ್ಲಿ ಹಣ ಕೊಡುವ ಕ್ರಮವನ್ನು ತಂದ ಮೇಲೆ ರೋಗಿಗಳನ್ನು ಬೇಗನೆ ಮನೆಗೆ ಕಳುಹಿಸುವುದು ರೂಢಿಯಾಯಿತು. ಹತ್ತು ದಿನದ ಪಾಠವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬೇಕಾದ ಸಂಕಟ ಶಿಕ್ಷಕಿಯದಾಯಿತು. ಹಾಗಾಗಿ ಅವರು 'ಬದುಕುಳಿಯುವ ಪಾಠ' ಎಂಬ ಒಂದು ತಿರುಳನ್ನು ಬೇರ್ಪಡಿಸಿಕೊಂಡರು: ಔಷಧ ತೆಗೆದುಕೊಳ್ಳುವುದು, ಸಕ್ಕರೆ ಪರೀಕ್ಷಿಸುವುದು, ಸಕ್ಕರೆ ಕುಸಿದಾಗ ಮಾಡಬೇಕಾದದ್ದು, ಯಾರನ್ನು ಯಾವಾಗ ಕರೆಯಬೇಕೆಂಬುದು. ಉಳಿದದ್ದು ಆಮೇಲೆ. ಆ 'ಆಮೇಲೆ'ಗೆ ಹಣ ದೊರೆತದ್ದು 1997ರ ಕಾಯಿದೆಯಿಂದ. ಅದರಂತೆ ಮೆಡಿಕೇರ್ ಮೊದಲ ವರ್ಷ ಹತ್ತು ಗಂಟೆ, ಮುಂದೆ ವರ್ಷಕ್ಕೆ ಎರಡು ಗಂಟೆಗಳ ಶಿಕ್ಷಣಕ್ಕೆ ಹಣ ಕೊಡತೊಡಗಿತು. ಜೀವಮಾನದ ರೋಗಕ್ಕೆ ವರ್ಷಕ್ಕೆ ಎರಡು ಗಂಟೆ ಎಂಬುದು ಯಾವ ಲೆಕ್ಕದಲ್ಲಿ ಸಾಕೆನಿಸಿತೋ ತಿಳಿಯದು.

ಆಹಾರದ ಪಾಠವೇ ಎಲ್ಲಕ್ಕಿಂತ ಜಟಿಲ. 1950ರಲ್ಲಿ ಅಮೆರಿಕದ ಮಧುಮೇಹ ಮತ್ತು ಆಹಾರತಜ್ಞರ ಸಂಘಗಳು ಸರ್ಕಾರದ ಆರೋಗ್ಯ ಇಲಾಖೆಯೊಡನೆ ಸೇರಿ ವಿನಿಮಯ ಪಟ್ಟಿಗಳನ್ನು ಸಿದ್ಧಪಡಿಸಿದವು. ಒಂದು ತುಂಡು ಬ್ರೆಡ್ಡಿನ ಬದಲು ಇಷ್ಟು ಆಲೂಗಡ್ಡೆ, ಇಷ್ಟು ಅನ್ನ ಎಂಬ ಬಗೆಯ ಲೆಕ್ಕ ಅದು. ಶಿಕ್ಷಕಿಯರ ಮೇಜಿನ ಮೇಲೆ ರಬ್ಬರಿನ ಆಹಾರದ ಮಾದರಿಗಳು ಬಂದವು. ಬ್ರೆಡ್ಡು ಆಲೂಗಡ್ಡೆಗಳ ಮನೆಗಳಲ್ಲಿ ಇದು ನಡೆಯಿತು. ಟಾರ್ಟಿಯಾ ಸುಡುವ ಮೆಕ್ಸಿಕನ್ ಮೂಲದ ಮನೆಗಳಲ್ಲಿ, ಅನ್ನವೇ ಊಟವಾದ ಏಷ್ಯಾದವರ ಮನೆಗಳಲ್ಲಿ ಪಟ್ಟಿ ತೊಡಕಾಯಿತು. ಪಟ್ಟಿಯನ್ನು ತಿದ್ದುವ ಮೊದಲೇ ಅನೇಕ ಶಿಕ್ಷಕಿಯರು ಬಾಯಿಮಾತಿನಲ್ಲಿ ಅದನ್ನು ತಿದ್ದಿಕೊಂಡಿದ್ದರು: ಮುಷ್ಟಿಯಷ್ಟು, ಅಂಗೈಯಷ್ಟು, ತಟ್ಟೆಯ ಕಾಲು ಭಾಗ. ಕೈಯೇ ಮಾನವಾದ ಈ ಅಳತೆ ತಕ್ಕಡಿ ಇಲ್ಲದ ಎಲ್ಲ ಅಡುಗೆಮನೆಗಳ ಅಳತೆ.

1993ರಲ್ಲಿ ಪ್ರಕಟವಾದ, 1441 ಮಂದಿ ಪಾಲ್ಗೊಂಡಿದ್ದ ಡಿ.ಸಿ.ಸಿ.ಟಿ. ಅಧ್ಯಯನವು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣಿನ ರೋಗ ಹೊಸದಾಗಿ ತಲೆದೋರುವ ಸಂಭವವು ಶೇ. 76ರಷ್ಟು ಇಳಿಯುತ್ತದೆಂದು ತೋರಿಸಿತು. ಈ ಫಲಿತಾಂಶದ ಹಿಂದೆ ರೋಗಿಗಳೊಡನೆ ಸದಾ ಸಂಪರ್ಕದಲ್ಲಿದ್ದ ದಾದಿ-ಶಿಕ್ಷಕಿಯರ ಶ್ರಮವಿತ್ತು. ಇದೇ ಕಾಲಕ್ಕೆ ಮಿಷಿಗನ್‌ನ ರಾಬರ್ಟ್ ಆಂಡರ್ಸನ್ ಮತ್ತು ಮಾರ್ಥಾ ಫನೆಲ್ ಅವರು 'ಹೇಳಿದಂತೆ ಕೇಳುವುದು' ಎಂಬ ಹಳೆಯ ಆದರ್ಶವನ್ನು ಪ್ರಶ್ನಿಸಿದರು. ರೋಗಿಯೇ ನಿರ್ಧರಿಸುವವನು, ಶಿಕ್ಷಕಿ ಅವನಿಗೆ ಬೇಕಾದ ತಿಳಿವನ್ನು ಒದಗಿಸುವವಳು ಎಂಬುದು ಅವರ ನಿಲುವು. ರಥದ ರೂಪಕ ಇಲ್ಲಿಯೂ ಉಳಿಯಿತು, ಆದರೆ ಚಾವಟಿ ಹೋಯಿತು.

ಭಾರತದಲ್ಲಿ ಈ ಚರಿತ್ರೆಯ ಆರಂಭ ಮದರಾಸಿನಲ್ಲಿ. ಎಂ. ವಿಶ್ವನಾಥನ್ ಅವರು 1948ರಲ್ಲಿ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಧುಮೇಹದ ಹೊರರೋಗಿ ವಿಭಾಗವನ್ನು ಆರಂಭಿಸಿದರು. 1954ರಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನು ಕಟ್ಟಿದರು. ಮಧುಮೇಹವನ್ನು ತಡೆಯುವಲ್ಲಿ ಆಹಾರ ಮತ್ತು ನಡಿಗೆಯ ಸಲಹೆಯು ಮಾತ್ರೆಯಷ್ಟೇ ಫಲಕಾರಿ ಎಂಬುದು 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಿಂದ ತಿಳಿದುಬಂದಿತು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳ ಚಿಕಿತ್ಸಾಲಯಗಳಿಗೆ ಆಪ್ತಸಮಾಲೋಚಕರ ಹುದ್ದೆ ಬಂದಿತು. ಮನೆ ಮನೆಗೆ ಹೋಗಿ ಮೂವತ್ತು ವರ್ಷ ದಾಟಿದವರ ವಿವರ ಬರೆದುಕೊಳ್ಳುವ ಕೆಲಸ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದಿತು. ಬಾಸ್ಟನ್ನಿನ ಅಲೆದಾಡುವ ದಾದಿಯ ಸ್ಥಾನದಲ್ಲಿ ನಮ್ಮಲ್ಲಿ ನಿಂತಿರುವವಳು ಆಶಾ. ಆದರೆ ಅವಳ ಕೈಗೆ ಕೊಟ್ಟಿರುವುದು ಮುಖ್ಯವಾಗಿ ನಮೂನೆಗಳನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರಿಗೆ ಕಲಿಸಬಲ್ಲವರ ಸಂಖ್ಯೆ ತೀರ ಕಡಿಮೆ.

ಕರ್ನಾಟಕದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಸಮಾಲೋಚಕಿಯ ಮುಂದೆ ಕುಳಿತುಕೊಳ್ಳುವವರು ಖಾಲಿ ಪಾತ್ರೆಗಳಾಗಿ ಬರುವುದಿಲ್ಲ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ, ಹಿತ್ತಲಿನ 'ಇನ್ಸುಲಿನ್ ಗಿಡ' ಇವುಗಳ ಅನುಭವವನ್ನು ಹೊತ್ತೇ ಬರುತ್ತಾರೆ. ಇನ್ಸುಲಿನ್ ಹಾಕಿಸಿಕೊಂಡರೆ ರೋಗ ಕೊನೆಯ ಹಂತಕ್ಕೆ ಬಂದಿತೆಂದೇ ಅರ್ಥ ಎಂಬ ಭಯವೂ ಜೊತೆಗಿರುತ್ತದೆ. ಇವನ್ನೆಲ್ಲ ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ರೋಗಿ ಮುಂದಿನ ಸಲ ಬರುವುದೇ ಇಲ್ಲ. ಬಂದರೂ ನಿಜ ಹೇಳುವುದಿಲ್ಲ. ಹಾಗಲಕಾಯಿಯನ್ನು ಪಲ್ಯವಾಗಿ ಉಣ್ಣಲಿ, ಆದರೆ ಮಾತ್ರೆ ಬಿಡಬಾರದು ಎಂದು ಹೇಳಬಲ್ಲವಳು ಪಾಠವನ್ನು ಮುಂದುವರಿಸಬಲ್ಲಳು. ರಾಗಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸಕ್ಕರೆ ಕಾಯಿಲೆಗೆ ಅನ್ನ ಬಿಟ್ಟು ಮುದ್ದೆ ಉಣ್ಣಬೇಕೆಂಬ ಮಾತು ಹಳೇ ಮೈಸೂರು ಸೀಮೆಯಲ್ಲಿ ಗಾದೆಯಷ್ಟೇ ಬಲವಾಗಿ ನಿಂತಿದೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಅದರಲ್ಲಿರುವುದೂ ಪಿಷ್ಟವೇ, ಮತ್ತು ಮುದ್ದೆಗೆ ನಿಗದಿತ ಗಾತ್ರವಿಲ್ಲ. ಹೊಲ ಉಳುವವನಿಗೆ ಕಟ್ಟಿದ ಮುದ್ದೆಯನ್ನೇ ನಿವೃತ್ತನಾಗಿ ಕುಳಿತವನಿಗೂ ಕಟ್ಟಿದರೆ ಧಾನ್ಯ ಬದಲಾದ ಫಲ ಸಿಗದು. ಈ ಮಾತನ್ನು ರೋಗಿಗೆ ಹೇಳಿದರೆ ಸಾಲದು, ಮುದ್ದೆ ಕಟ್ಟುವ ಕೈಗೆ ಹೇಳಬೇಕು. ಆ ಕೈ ಹೆಂಡತಿಯದೋ ಸೊಸೆಯದೋ ಆಗಿದ್ದು, ಅನೇಕ ವೇಳೆ ಅವಳು ಆಸ್ಪತ್ರೆಗೆ ಬಂದೇ ಇರುವುದಿಲ್ಲ.

ಬರಿಗಾಲಿನ ಸಂಗತಿ ಇಲ್ಲಿಗೆ ಸೇರಿದ್ದು. ಬಹುಕಾಲದ ಮಧುಮೇಹದಿಂದ ಪಾದದ ಸಂವೇದನೆ ಕುಂದಿದವರಿಗೆ ಮುಳ್ಳು ಚುಚ್ಚಿದ್ದಾಗಲಿ ಕಾದ ಕಲ್ಲು ಸುಟ್ಟಿದ್ದಾಗಲಿ ತಿಳಿಯುವುದಿಲ್ಲ. ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾಗಿ ಬರಬಹುದು. ಆದ್ದರಿಂದ ಶಿಕ್ಷಕಿಯು ಮೆಟ್ಟಿಲ್ಲದೆ ನಡೆಯಬಾರದೆನ್ನುತ್ತಾಳೆ. ಆದರೆ ದೇವಸ್ಥಾನದ ಪ್ರಾಕಾರ, ಪಾದಯಾತ್ರೆಯ ಹರಕೆ, ಮನೆಯೊಳಗಿನ ಮಡಿ, ಕಳೆ ಕೀಳುವ ಗದ್ದೆ ಇವು ಯಾವುವೂ ಮೆಟ್ಟನ್ನು ಒಪ್ಪುವುದಿಲ್ಲ. ಅನುಭವಸ್ಥರು ಇಲ್ಲಿ ನಿಷೇಧದ ಬದಲು ಹೊಂದಾಣಿಕೆಗಳನ್ನು ಹೇಳುತ್ತಾರೆ: ನಡುಹಗಲಿನ ಬದಲು ಬೆಳಗಿನ ಜಾವ ಪ್ರದಕ್ಷಿಣೆ ಮಾಡುವುದು, ದಪ್ಪ ಕಾಲುಚೀಲ ಹಾಕಿಕೊಳ್ಳುವುದು, ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಅಥವಾ ಮೊಮ್ಮಕ್ಕಳಿಗೆ ತೋರಿಸುವುದು.

ಸಿರಿಂಜಿನ ಪಾಠವೂ ಮುಗಿದಿಲ್ಲ. ಅಮೆರಿಕದಲ್ಲಿ 1973ರ ಸುಮಾರಿಗೆ ನೂರು ಯೂನಿಟ್ ಬಲದ ಇನ್ಸುಲಿನ್ ಬಂದು ಹಳೆಯ ಬಲಗಳು ಕ್ರಮೇಣ ಮರೆಯಾದವು. ಭಾರತದಲ್ಲಿ ನಲವತ್ತರ ಬಲದ ಶೀಶೆಗಳೂ ನೂರರ ಬಲದ ಇನ್ಸುಲಿನ್ನೂ ಒಟ್ಟಿಗೆ ಬಳಕೆಯಲ್ಲಿ ಉಳಿದುವು. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ ಅದರ ಗೆರೆಗಳಂತೆ ಎಳೆದರೆ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ. ಶೀಶೆಯ ಮೇಲಿನ ಸಂಖ್ಯೆ ಇಂಗ್ಲಿಷಿನಲ್ಲಿರುತ್ತದೆ. ನಲವತ್ತರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು, ನೂರರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳವಿರುತ್ತದೆ. ಓದು ಬಾರದ ರೋಗಿಗೆ ಶಿಕ್ಷಕಿಯು ಎರಡನ್ನೂ ಕೈಗೆ ಕೊಟ್ಟು, ಮುಚ್ಚಳದ ಬಣ್ಣವನ್ನು ಬಾಯಿಂದ ಹೇಳಿಸಿ, ಮಾರನೆಯ ಭೇಟಿಯಲ್ಲಿ ಮತ್ತೊಮ್ಮೆ ಹೇಳಿಸುತ್ತಾಳೆ.